ಇದ್ದ ಹಿಟ್ಟಿಗೆ ರೊಟ್ಟಿ ಬಡಿಯುವವರು ಬೇಕಾಗಿದ್ದಾರೆ

ನಮಸ್ಕಾರ ಕೇಳುಗರೇ. ಇವತ್ತು ಒಂದು ನೌಕರಿಯ ಬಗ್ಗೆ ಮಾತಾಡೋಣ. 2026ರ ಜನವರಿಯಲ್ಲಿ ಖಾಲಿ ಬಿದ್ದ ನೌಕರಿ. ಪಗಾರ ಕೋಟಿಗಟ್ಟಲೆ. ಆದರೆ 2013ರಿಂದ ಈಚೆಗೆ ಆ ಕುರ್ಚಿಯ ಮೇಲೆ ಪೂರ್ತಿ ಮೂರು ವರ್ಷ ಕೂತವರು ಒಬ್ಬರೂ ಇಲ್ಲ. ಮ್ಯಾಂಚೆಸ್ಟರ್ ಯುನೈಟೆಡ್ ಫುಟ್‌ಬಾಲ್ ಕ್ಲಬ್ಬಿನ ಮ್ಯಾನೇಜರ್ ಕೆಲಸ ಅದು. ಕಲಬುರಗಿಯಿಂದ ಯಾರೂ ಅರ್ಜಿ ಹಾಕಿಲ್ಲ. ಯಾರನ್ನು ತಗೋಬೇಕು ಅಂತ ಮಾತ್ರ ಜಗತ್ ಸರ್ಕಲ್ ಹತ್ತಿರದ ಒಂದು ಚಹಾದ ಅಂಗಡಿ ಮುಂದೆ ಮೂರು ರಾತ್ರಿ ಜಗಳ ಆಗಿದೆ.

ನಮ್ಮಲ್ಲಿ ಮ್ಯಾನೇಜರ್ ಅಂದರೆ ಬ್ಯಾಂಕಿನಲ್ಲಿ ಕೂತು ಸಾಲದ ಕಾಗದಕ್ಕೆ ಸಹಿ ಹಾಕುವವರು. ಕ್ರಿಕೆಟ್ಟಿನಲ್ಲಿ ಟೀಮಿನ ಹೋಟೆಲು, ಬಸ್ಸು, ಟಿಕೆಟ್ಟು ನೋಡಿಕೊಳ್ಳುವವರು. ಇಂಗ್ಲೆಂಡಿನ ಫುಟ್‌ಬಾಲಿನಲ್ಲಿ ಹಾಗಲ್ಲ. ಯಾರು ಆಡಬೇಕು, ಯಾರು ಬೆಂಚಿನ ಮೇಲೆ ಕೂರಬೇಕು, ಹೇಗೆ ಆಡಬೇಕು, ಇದೆಲ್ಲಾ ಮ್ಯಾನೇಜರ್ ಮಾತು. ಒಂದು ಕಾಲದಲ್ಲಿ ಯಾರನ್ನು ಕೊಳ್ಳಬೇಕು, ಯಾರನ್ನು ಮಾರಬೇಕು ಅನ್ನುವುದರಲ್ಲೂ ಅವರ ಮಾತೇ ದೊಡ್ಡದು. ಈಗ ಅದಕ್ಕೆ ಬೇರೆ ಡೈರೆಕ್ಟರುಗಳು ಬಂದಿದ್ದಾರೆ. 2024ರಲ್ಲಿ ಈ ಕ್ಲಬ್ಬಿಗೆ ರುಬೆನ್ ಅಮೊರಿಮ್ ಬಂದಾಗ ಹುದ್ದೆಯ ಹೆಸರೇ ಹೆಡ್ ಕೋಚ್ ಅಂತ ಆಯಿತು. ಸೋತರೆ ಬೈಗುಳ ತಿನ್ನುವವರು ಮಾತ್ರ ಹಳೆಯ ಪದ್ಧತಿಯಂತೆ ಅವರೇ.

2026ರ ಜನವರಿ 5, ಸೋಮವಾರ. ಹಿಂದಿನ ದಿನ ಲೀಡ್ಸ್ ಜೊತೆ 1-1 ಡ್ರಾ ಆಗಿತ್ತು. ನಾನು ಬೀಜ ಗೊಬ್ಬರದ ಅಂಗಡಿಯಲ್ಲಿ ಲೆಕ್ಕ ಬರೆಯುವವನು. ತೊಗರಿ ರಾಶಿಯ ಟೈಮು, ಹಳೆಯ ಉದ್ರಿ ತೀರಿಸಲು ರೈತರು ಬರುತ್ತಾರೆ, ತಲೆ ಎತ್ತಲು ಪುರುಸೊತ್ತಿಲ್ಲ. ಅಷ್ಟರಲ್ಲಿ ಫೋನು ಗುಂಯ್ ಅಂತು. ನನ್ನ ತಂಗಿಯ ಮಗನ ಮೆಸೇಜು. ಎರಡೇ ಪದ: "ಮಾಮಾ, ಹೋದ." ನನಗೆ ಎದೆ ಧಸಕ್ ಅಂತು, ಯಾಕಂದ್ರೆ ನಮ್ಮ ಓಣಿಯಲ್ಲಿ ಒಬ್ಬ ಹಿರಿಯರಿಗೆ ವಾರದಿಂದ ಹುಷಾರಿರಲಿಲ್ಲ. ಫೋನ್ ಮಾಡಿ "ಯಾರಪಾ?" ಅಂದೆ. "ಅಮೊರಿಮ್ ಮಾಮಾ, ತೆಗೆದು ಹಾಕ್ಯಾರ" ಅಂದ. ಹಿರಿಯರು ಆರಾಮಾಗಿದ್ದಾರೆ, ಮೊನ್ನೆ ಸಂಕ್ರಾಂತಿಗೆ ಎಳ್ಳು ಬೆಲ್ಲ ಕೊಟ್ಟೂ ಬಂದೆ.

ಅವತ್ತು ರಾತ್ರಿ ಎಲ್ಲರೂ ಸೇರಿದೆವು. ಚಳಿಗಾಲದಲ್ಲಿ ಮ್ಯಾಚು ನಮ್ಮ ಟೈಮಿಗೆ ತಡವಾಗಿ ಶುರು, ಶನಿವಾರದ್ದು ಜಾಸ್ತಿ ರಾತ್ರಿ ಎಂಟೂವರೆಗೆ, ಯುರೋಪಿನದಾದರೆ ನಡುರಾತ್ರಿ ಒಂದೂವರೆ. ಹಾಗಾಗಿ ನಮ್ಮ ಗುಂಪಿನವರ ಕಣ್ಣು ಯಾವಾಗಲೂ ಕೆಂಪು. ಝೆರಾಕ್ಸ್ ಅಂಗಡಿಯ ಕಾಕಾ, ಸ್ಟೇಷನ್ ಕಡೆ ಮೊಬೈಲ್ ಕವರ್ ಮಾರುವ ಭಾಯಿ, ಡಿಗ್ರಿ ಕಾಲೇಜಿನ ಅತಿಥಿ ಉಪನ್ಯಾಸಕರೊಬ್ಬರು (ನಾವು ಬರೀ ಸರ್ ಅಂತೀವಿ), ನನ್ನ ಅಳಿಯ, ನಾನು. ನಾವ್ಯಾರೂ ಮ್ಯಾಂಚೆಸ್ಟರ್ ನೋಡಿಲ್ಲ. ಕಾಕಾ ಮಾತ್ರ ಅಲ್ಲಿಯವರೇ ಅನ್ನುವ ಹಾಗೆ ಮಾತಾಡುತ್ತಾರೆ.

ಕಾಕಾನ ವಾದ ಹಳೆಯದು, ಗಟ್ಟಿ. "ಟೈಮ್ ಕೊಡ್ರಿ. ಫರ್ಗುಸನ್‌ಗ ಕೊಟ್ಟಿದ್ದಿಲ್ಲೇನು?" ಖರೆ. ಅಲೆಕ್ಸ್ ಫರ್ಗುಸನ್ 1986ರ ನವೆಂಬರಿನಲ್ಲಿ ಬಂದರು. 1989-90ರಲ್ಲಿ ಲೀಗಿನಲ್ಲಿ 13ನೇ ಸ್ಥಾನ. ಅದೇ ಸೀಸನ್ನಿನ ಕೊನೆಗೆ ಎಫ್‌ಎ ಕಪ್ (ಸೋತವರು ಹೊರಬೀಳುವ, ಲೀಗಿಗಿಂತ ಬೇರೆಯ ಪಂದ್ಯಾವಳಿ), ಅದೇ ಮೊದಲ ಕಪ್ಪು. ಆಮೇಲೆ 2013ರಲ್ಲಿ ನಿವೃತ್ತಿ ಆಗುವ ಹೊತ್ತಿಗೆ 13 ಲೀಗ್ ಪ್ರಶಸ್ತಿ, ಎರಡು ಸಲ ಯುರೋಪಿನ ಚಾಂಪಿಯನ್. ಆದರೆ ಕಾಕಾ ಒಂದು ಮರೆಯುತ್ತಾರೆ. ಫರ್ಗುಸನ್ ಸುಮ್ನೆ ಟೈಮ್ ತಿಂದವರಲ್ಲ. ಆ ಮೂರೂವರೆ ವರ್ಷ ಕಪ್ಪು ಬರಲಿಲ್ಲ, ಆದರೆ ಆಟಗಾರರ ಕುಡಿತಕ್ಕೆ ಕಡಿವಾಣ ಬಿತ್ತು, ಹುಡುಗರನ್ನು ಹುಡುಕಿ ತಯಾರು ಮಾಡುವ ಕೆಲಸ ಜೋರಾಯಿತು. ಹೊರಗೆ ನಿಂತವರಿಗೂ ಏನೋ ನಡೀತಾ ಇದೆ ಅಂತ ಕಾಣುತ್ತಿತ್ತು. ಟೈಮ್ ಕೇಳುವವರೆಲ್ಲಾ ಫರ್ಗುಸನ್ ಆಗಲ್ಲ, ಅಲ್ವಾ?

ಭಾಯಿಗೆ ಬೇಕಾಗಿರುವುದು ಗುಡುಗುವವನು. "ಮೊರಿನ್ಹೋ ಥರ ಬೇಕ್ರೀ. ಆಟಗಾರರು ನೋಡಿದ್ರ ನಡುಗಬೇಕು." ಸರ್‌ಗೆ ನಿಧಾನಸ್ಥ ಬೇಕು. ಅಳಿಯನಿಗೆ ಮೂರು ಜನ ಡಿಫೆಂಡರ್ ಇಟ್ಟು ಆಡಿಸುವವನು ಮಾತ್ರ ಬೇಡ, ಉಳಿದವರು ಯಾರಾದರೂ ನಡೆದೀತು. ಅವನು ಚಹಾದ ಗ್ಲಾಸುಗಳನ್ನೇ ಸಾಲು ಮಾಡಿ ತೋರಿಸಿದ, ಇಲ್ಲಿ ಮೂವರು, ಇಲ್ಲಿ ನಾಲ್ವರು, ಮುಂದೆ ಮೂವರು. ಅಂಗಡಿಯವರು ಬಂದು ಮಧ್ಯದ ಇಬ್ಬರು ಆಟಗಾರರನ್ನು ತೊಳೆಯಲು ಎತ್ತಿಕೊಂಡು ಹೋದರು. "ನೋಡ್ರಿ ಮಾಮಾ, ಖರೇನೂ ಹಿಂಗೇ ಆಗ್ತಿತ್ತು, ಮಿಡ್‌ಫೀಲ್ಡೇ ಖಾಲಿ" ಅಂದ ಅಳಿಯ.

ಇಷ್ಟೂ ಕೇಳಿಸಿಕೊಂಡ ಅಂಗಡಿಯವರು ಒಂದು ಮಾತು ಹೇಳಿದರು. ಅವರಿಗೆ ಫುಟ್‌ಬಾಲು ಗೊತ್ತಿಲ್ಲ, ಮೇಲಿನ ಮನೆ ಬಾಡಿಗೆಗೆ ಕೊಟ್ಟಿದ್ದಾರೆ ಅಷ್ಟೇ. "ಹಳೇ ಬಾಡಿಗಿಯಂವ ಭಾಳ ಗದ್ಲ ಮಾಡ್ತಿದ್ದ. ಈ ಸಲ ಸುಮ್ನಿರಂವ ಬೇಕಂತ ಹುಡುಕಿ ತಂದ್ವಿ. ಅಂವ ಬಾಡಿಗಿ ಕೊಡೋ ತಾರೀಖಿಗೂ ಸುಮ್ನೇ ಇರ್ತಾನ."

ಎಲ್ಲರೂ ನಕ್ಕರು. ನನಗೆ ಮಾತ್ರ ಅದು ತಲೆಯಲ್ಲಿ ಕೂತುಬಿಟ್ಟಿತು. ಯಾಕಂದ್ರೆ ಇಷ್ಟು ವರ್ಷ ಕ್ಲಬ್ಬೂ ಅದನ್ನೇ ಮಾಡಿದೆ, ನಾವೂ ಅದನ್ನೇ ಕೇಳಿದ್ದೇವೆ. ಫರ್ಗುಸನ್ ಹೋದಾಗ ಅವರ ಥರದವರೇ ಬೇಕು ಅಂತ ಇನ್ನೊಬ್ಬ ಸ್ಕಾಟ್ಲೆಂಡಿನವರು ಡೇವಿಡ್ ಮೊಯೆಸ್ ಬಂದರು. ಆರು ವರ್ಷದ ಕರಾರು, ಹತ್ತು ತಿಂಗಳಿಗೆ ಮನೆಗೆ. ಮೊಯೆಸ್‌ಗೆ ದೊಡ್ಡ ಕ್ಲಬ್ಬಿನ ಅನುಭವ ಇಲ್ಲ ಅಂದೆವು, ದೊಡ್ಡ ದೊಡ್ಡ ಕ್ಲಬ್ಬು ನೋಡಿದ್ದ ಲೂಯಿ ವಾನ್ ಗಾಲ್ ಬಂದರು. 2016ರಲ್ಲಿ ಎಫ್‌ಎ ಕಪ್ ಗೆದ್ದು ಎರಡೇ ದಿನಕ್ಕೆ ಅವರ ಕೆಲಸ ಹೋಯಿತು. ಅವರ ಆಟ ನಿದ್ದೆ ಬರಿಸುತ್ತಿತ್ತು, ಗೆಲ್ಲುವವರು ಬೇಕು ಅಂದೆವು, ಮೊರಿನ್ಹೋ ಬಂದರು. ಕಪ್ಪು ತಂದರು, ಆಮೇಲೆ ಎಲ್ಲರ ಜೊತೆ ಜಗಳ. ಜಗಳ ಸಾಕು, ಈ ಕ್ಲಬ್ಬಿಗೇ ಆಡಿದ ನಮ್ಮವರೇ ಬೇಕು, ನಗುಮುಖ ಬೇಕು. ಓಲೆ ಗುನ್ನಾರ್ ಸೋಲ್‌ಶೇರ್. ನಗು ಜಾಸ್ತಿಯಾಯ್ತು, ಶಿಸ್ತು ಬೇಕು. ಎರಿಕ್ ಟೆನ್ ಹಾಗ್. ಅವರಿಗೆ ತನ್ನದೇ ಅಂತ ಒಂದು ಆಟದ ರೀತಿ ಇಲ್ಲ ಅಂತ ದೂರಿದೆವು. ಸರಿ, ರೀತಿ ಬಿಟ್ಟು ಬೇರೇನೂ ಇಲ್ಲದವರನ್ನು ತಂದುಕೊಟ್ಟರು.

ಸ್ವಲ್ಪ ಅನ್ಯಾಯದ ಮಾತಾಡಿದೆ. ಅಮೊರಿಮ್ ಕೆಲಸ ಬಾರದವರಲ್ಲ. ಲಿಸ್ಬನ್ನಿನ ಸ್ಪೋರ್ಟಿಂಗ್ ಕ್ಲಬ್ಬಿಗೆ 2021ರಲ್ಲಿ 19 ವರ್ಷದ ಮೇಲೆ ಲೀಗ್ ಗೆದ್ದುಕೊಟ್ಟವರು, 2024ರಲ್ಲಿ ಮತ್ತೆ. ಅಳಿಯ ಗ್ಲಾಸಿನಲ್ಲಿ ತೋರಿಸಿದ ಅದೇ 3-4-3 ಆಟ. ಆದರೆ ಇಲ್ಲಿಗೆ ಅವರು ಬಂದದ್ದು 2024ರ ನವೆಂಬರಿನಲ್ಲಿ, ಸೀಸನ್ನಿನ ನಡುವೆ. ಮನೆಯಲ್ಲಿದ್ದ ಆಟಗಾರರು ಬೇರೆ ಆಟಕ್ಕಾಗಿ ಕೊಂಡವರು. ಆದರೂ ಮೊದಲ ದಿನದಿಂದ ತನ್ನದೇ ಅಚ್ಚು. ಲೀಗಿನಲ್ಲಿ 15ನೇ ಸ್ಥಾನ, 42 ಪಾಯಿಂಟು. ಬಿಲ್ಬಾವೊದಲ್ಲಿ ಯುರೋಪಾ ಲೀಗ್ ಫೈನಲ್ ಟಾಟನ್‌ಹ್ಯಾಮ್‌ಗೆ 1-0 ಸೋಲು. ಮುಂದಿನ ಆಗಸ್ಟಿನಲ್ಲಿ ನಾಲ್ಕನೇ ದರ್ಜೆಯ ಗ್ರಿಮ್ಸ್‌ಬಿ ಟೌನ್ ಕೈಲಿ ಲೀಗ್ ಕಪ್‌ನಲ್ಲಿ ಪೆನಾಲ್ಟಿ ಸೋಲು, 12-11. ಅವತ್ತು ರಾತ್ರಿ ಕಾಕಾ ಟಿವಿ ಆಫ್ ಮಾಡಿ, ರಿಮೋಟಿನ ಸೆಲ್ ತೆಗೆದು, ಅದನ್ನು ಗೋಡೆ ಗಡಿಯಾರಕ್ಕೆ ಹಾಕಿದರಂತೆ. ಇನ್ನು ಮೇಲೆ ಟೈಮಾದರೂ ಸರಿಯಾಗಿ ನೋಡ್ತೀನಿ ಅಂತ.

ಈಗ ನನ್ನ ಮಾತಿಗೆ ಬರುತ್ತೇನೆ. ಎರಡನೇ ರಾತ್ರಿ ಮನೆಗೆ ಹೋದಾಗ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಹಿಟ್ಟು ಹಳೆಯದು, ಬೀಸಿ ಭಾಳ ದಿನ ಆಗಿತ್ತು. ಜೋಳದ ರೊಟ್ಟಿ ಬಲ್ಲವರಿಗೆ ಗೊತ್ತು, ಹಳೆಯ ಹಿಟ್ಟಿಗೆ ಜಿಗಿ ಇರಲ್ಲ, ಬಡಿದರೆ ಅಂಚು ಬಿರಿಯುತ್ತದೆ. ಅವ್ವ ಎರಡು ಬೆರಳಲ್ಲಿ ಹಿಟ್ಟು ಉಜ್ಜಿ ನೋಡಿದಳು. ಏನೂ ಅನ್ನಲಿಲ್ಲ. ಎಸರು ಇನ್ನಷ್ಟು ಕುದಿಯಲು ಬಿಟ್ಟಳು. ಕುದಿಯುವ ನೀರು ಹೊಯ್ದು, ಅಂಗೈ ಬುಡದಿಂದ ಒತ್ತಿ ಒತ್ತಿ ನಾದಿದಳು, ದಿನಕ್ಕಿಂತ ಎರಡರಷ್ಟು ಹೊತ್ತು. ರೊಟ್ಟಿಯನ್ನು ದಿನದಷ್ಟು ದೊಡ್ಡದು ಮಾಡಲಿಲ್ಲ. ಅಂಚು ಬಿರಿದ ಕಡೆ ಒದ್ದೆ ಬೆರಳಿಂದ ಸವರಿ ಕೂಡಿಸಿದಳು. ಹಂಚಿನ ಮೇಲೆ ಉಬ್ಬಿತು. ನಾವೆಲ್ಲಾ ಉಂಡು ಕೈ ತೊಳೆದ ಮೇಲೆ ಗಿರಣಿಯವನಿಗೆ ಬೈದಳು.

ನನಗೆ ಬೇಕಾದ ಮ್ಯಾನೇಜರ್ ಇವರು. ಮೊದಲು ಇದ್ದ ಹಿಟ್ಟನ್ನು ಉಜ್ಜಿ ನೋಡಬೇಕು. ಬೈಯುವುದಿದ್ದರೆ ಊಟ ಆದ ಮೇಲೆ.

ಸುಮ್ನೆ ಹೇಳುತ್ತಿಲ್ಲ. ನಮ್ಮ ಹಳೆಯ ಎದುರಾಳಿ ಲಿವರ್‌ಪೂಲ್ ನೋಡಿ, ಹೇಳಲು ಹೊಟ್ಟೆ ಉರಿಯುತ್ತದೆ, ಆದರೂ. 2024ರಲ್ಲಿ ಅಲ್ಲಿನ ಮ್ಯಾನೇಜರ್ ಕ್ಲಾಪ್ ಹೋಗಿ ಅರ್ನೆ ಸ್ಲಾಟ್ ಬಂದರು. ಮಿಡ್‌ಫೀಲ್ಡಿಗೆ ಸ್ಪೇನಿನ ಜುಬಿಮೆಂಡಿಯನ್ನು ತರಲು ಹೋದರು, ಆತ ಬರಲ್ಲ ಅಂದ. ಸ್ಲಾಟ್ ಕೈಚೆಲ್ಲಿ ಕೂರಲಿಲ್ಲ. ಅದಕ್ಕೂ ಮುಂಚೆ ಹೆಚ್ಚಾಗಿ ಬೆಂಚು ಕಾಯುತ್ತಿದ್ದ ಗ್ರಾವೆನ್‌ಬರ್ಚ್‌ನನ್ನು ಆ ಜಾಗದಲ್ಲಿ ನಿಲ್ಲಿಸಿದರು. ಆ ಬೇಸಿಗೆಯಲ್ಲಿ ಹೊಸದಾಗಿ ಬಂದು ಟೀಮು ಸೇರಿದ ದೊಡ್ಡ ಹೆಸರು ಕಿಯೇಸಾ ಒಬ್ಬನೇ, ಅವನೂ ಆಡಿದ್ದು ಸ್ವಲ್ಪವೇ. ಕ್ಲಾಪ್ ಬಿಟ್ಟುಹೋದ ಹಿಟ್ಟಿನಲ್ಲೇ ಲೀಗ್ ಗೆದ್ದರು. ಅದೇ ಊರಿನಲ್ಲಿ 1974ರಲ್ಲಿ ಬಿಲ್ ಶಾಂಕ್ಲಿ ಬಿಟ್ಟಾಗ ಅವರ ಕೈಕೆಳಗಿದ್ದ ಬಾಬ್ ಪೈಸ್ಲಿಯನ್ನೇ ಕೂರಿಸಿದರು, ಒಂಬತ್ತು ವರ್ಷದಲ್ಲಿ ಆರು ಲೀಗು, ಮೂರು ಯುರೋಪಿಯನ್ ಕಪ್.

ಅಷ್ಟು ದೂರ ಯಾಕೆ, ನಮ್ಮ ಬೆಂಗಳೂರು ಎಫ್‌ಸಿ ಇಲ್ವಾ? 2018ರ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫೈನಲ್ಲಿನಲ್ಲಿ, ಅದೂ ಕಂಠೀರವದಲ್ಲೇ, ಚೆನ್ನೈಯಿನ್‌ಗೆ 3-2 ಸೋತರು. ಕೋಚ್ ಆಲ್ಬರ್ಟ್ ರೋಕಾ ಬಿಟ್ಟರು. ಅವರ ಸಹಾಯಕ ಕಾರ್ಲೆಸ್ ಕ್ವಾದ್ರಾತ್‌ಗೆ ಕೆಲಸ ಕೊಟ್ಟರು. ಮರುವರ್ಷ ಮುಂಬೈಯಲ್ಲಿ ಗೋವಾ ಮೇಲೆ 117ನೇ ನಿಮಿಷಕ್ಕೆ ರಾಹುಲ್ ಭೇಕೆ ಹೆಡರ್, ಕಪ್ಪು ಬೆಂಗಳೂರಿಗೆ. ಮೊಯೆಸ್ ಮಾಡಿದ್ದು ಇದರ ಉಲ್ಟಾ. ಚಾಂಪಿಯನ್ ಆಗಿದ್ದ ಟೀಮಿಗೆ ಬಂದು ಫರ್ಗುಸನ್ ಜೊತೆ ಇದ್ದ ಕೋಚುಗಳ ಜಾಗಕ್ಕೆ ತನ್ನವರನ್ನು ತಂದರು. ಒಲೆ ಹೇಗೆ ಉರಿಯುತ್ತದೆ ಅಂತ ಗೊತ್ತಿದ್ದವರೇ ಅಡಿಗೆಮನೆಯಲ್ಲಿ ಉಳಿಯಲಿಲ್ಲ.

ಮತ್ತೆ ಕಾಬೀ ಮೈನೂ. ಕ್ಲಬ್ಬೇ ಬೆಳೆಸಿದ ಹುಡುಗ, 2024ರ ಎಫ್‌ಎ ಕಪ್ ಫೈನಲ್ಲಿನಲ್ಲಿ ಮ್ಯಾಂಚೆಸ್ಟರ್ ಸಿಟಿ ಮೇಲೆ ಗೋಲು ಹೊಡೆದಾಗ 19 ವರ್ಷ. ಅಮೊರಿಮ್ ಕಾಲದಲ್ಲಿ ಅವನು ಬೆಂಚಿನ ಮೇಲೆ ಕೂತದ್ದೇ ಜಾಸ್ತಿ, ಆ ಅಚ್ಚಿನಲ್ಲಿ ಅವನಿಗೆ ಜಾಗ ಇರಲಿಲ್ಲವಂತೆ. ಕುಣಿಯಲು ಬಾರದವಳು ನೆಲ ಡೊಂಕು ಅಂದಳಂತೆ ಅನ್ನುವ ಗಾದೆ ಇದೆ. ಇಲ್ಲಿ ಅಮೊರಿಮ್‌ಗೆ ಕುಣಿತವೂ ಬರುತ್ತಿತ್ತು, ನೆಲವೂ ಸ್ವಲ್ಪ ಡೊಂಕೇ. ಆದರೆ ನೆಲಕ್ಕೆ ತಕ್ಕ ಹೆಜ್ಜೆ ಹಾಕುವುದಕ್ಕೆ ಇವರು ತಯಾರಿರಲಿಲ್ಲ.

ಇದನ್ನೆಲ್ಲಾ ಮೂರನೇ ರಾತ್ರಿ ಜೋರಾಗಿ ಹೇಳಿದೆ. ಅಷ್ಟರಲ್ಲಿ ಕ್ಲಬ್ಬಿನ ಹಳೆಯ ಆಟಗಾರ ಮೈಕಲ್ ಕ್ಯಾರಿಕ್ ಸೀಸನ್ ಮುಗಿಯುವವರೆಗೆ ಹಂಗಾಮಿಯಾಗಿ ಬರುತ್ತಾರೆ ಅನ್ನುವ ಸುದ್ದಿಯೂ ಬಂದಿತ್ತು. ಅಳಿಯ ಮಿರ್ಚಿ ಭಜ್ಜಿ ತಿನ್ನುತ್ತಾ ನಿಧಾನಕ್ಕೆ ಕೇಳಿದ: "ಮಾಮಾ, ಇದ್ದ ಹಿಟ್ಟಿನಾಗ ಸೋಲ್‌ಶೇರ್ ಮಾಡಿದ್ದಿಲ್ಲೇನು? ಕಪ್ ಎಲ್ಲದ?"

ಹುಡುಗ ಸರಿಯಾದ ಜಾಗಕ್ಕೆ ಚುಚ್ಚಿದ. 2018ರ ಡಿಸೆಂಬರಿನಲ್ಲಿ ಹಂಗಾಮಿಯಾಗಿ ಬಂದ ಸೋಲ್‌ಶೇರ್ ಅದೇ ಆಟಗಾರರನ್ನು ಇಟ್ಟುಕೊಂಡು ಪ್ಯಾರಿಸ್ಸಿನಲ್ಲಿ ಪಿಎಸ್‌ಜಿಯನ್ನು 3-1 ಸೋಲಿಸಿದ ರಾತ್ರಿ ನಾನು ಕೂಗಿದ ಕೂಗಿಗೆ ಪಕ್ಕದ ಮನೆಯವರು ಕಳ್ಳ ಬಂದ ಅಂತ ಲೈಟು ಹಾಕಿದ್ದರು. ಆ ಮ್ಯಾಚು ಆದ 2019ರ ಮಾರ್ಚ್ ಕೊನೆಗೇ ಪರ್ಮನೆಂಟ್ ಮಾಡಿದರು. ಆಮೇಲೆ ಲೀಗಿನಲ್ಲಿ ಎರಡನೇ ಸ್ಥಾನದವರೆಗೂ ತಂದರು, ಕಪ್ಪು ಮಾತ್ರ ಒಂದೂ ಇಲ್ಲ. 2021ರ ಯುರೋಪಾ ಫೈನಲ್ಲಿನಲ್ಲಿ ವಿಯಾರಿಯಲ್ ಎದುರು ಪೆನಾಲ್ಟಿಯಲ್ಲಿ 11-10 ಸೋಲು. ಹಾಗಾದರೆ ಹಿಟ್ಟು ನೋಡುವುದು ಬಂದರೆ ಸಾಲದು. ಬಿರಿಯುವ ಹೊತ್ತಿಗೆ ಬೆರಳು ಒದ್ದೆ ಮಾಡಿಕೊಂಡು ಕಾದಿರಬೇಕು. ಅದನ್ನು ಸಂದರ್ಶನದಲ್ಲಿ ಹೇಗೆ ಕಂಡುಹಿಡಿಯುತ್ತಾರೋ, ನನ್ನ ಹತ್ತಿರ ಉತ್ತರ ಇರಲಿಲ್ಲ. ಭಜ್ಜಿ ತಗೊಂಡೆ.

ಸರ್ ಆವರೆಗೆ ಸುಮ್ಮನಿದ್ದರು. ಹತ್ತು ವರ್ಷದಿಂದ ಅತಿಥಿ ಉಪನ್ಯಾಸಕರು, ಪ್ರತಿ ವರ್ಷ ಹೊಸದಾಗಿ ಅರ್ಜಿ ಹಾಕಿ, ಲಿಸ್ಟಿನಲ್ಲಿ ಹೆಸರು ಬರುವ ತನಕ ನಿದ್ದೆ ಮಾಡದವರು.

"ಹಂಗಾಮಿ ಇದ್ದಾಂವ ಎಷ್ಟ್ ಚಲೋ ಕೆಲಸ ಮಾಡ್ತಾನ ಅಂತ ನನಗ ಕೇಳ್ರಿ" ಅಂದರು. "ಒಂದು ಕ್ಲಾಸ್ ತಪ್ಪಿಸಂಗಿಲ್ಲ. ಎಲ್ಲಾರ ಹೆಸರು ನೆನಪಿಟ್ಟಿರ್ತಾನ. ಹಿಂದಿನ ಬೆಂಚಿನ ಹುಡುಗನ್ನೂ ಕರೆದು ಮಾತಾಡಸ್ತಾನ."

"ಮತ್ತ ಕ್ಯಾರಿಕ್‌ಗ ಪರ್ಮನೆಂಟ್ ಮಾಡಬೇಕಂತೀರಾ?" ಅಂತ ಭಾಯಿ ಕೇಳಿದ.

ಸರ್ ಸ್ಕೂಟರಿಗೆ ಕಿಕ್ ಹೊಡೆದರು, ಹತ್ತಲಿಲ್ಲ, ಇನ್ನೊಂದು ಹೊಡೆದರು. "ಮೊದಲು ನನಗ ಮಾಡಿ ನೋಡ್ರಿ" ಅಂದರು. "ನಾ ಕೆಡ್ತೀನೋ ಇಲ್ಲೋ ತಿಳೀತದ. ಆಮ್ಯಾಗ ಅವರಿಗೊಂದು ಪತ್ರ ಬರಿಯೋಣ."