ತಂಬುಳಿಗೆ ಬೇಕಾದಷ್ಟು ಹಿತ್ತಲಲ್ಲೇ ಇದೆ

ಬಾವಿಕಟ್ಟೆ ಪಕ್ಕ ಸದಾ ತೇವ ಇರುವ ಈ ಜಾಗ ನೋಡಿ. ನೆಲಕ್ಕೆ ಅಂಟಿಕೊಂಡು ಹಬ್ಬಿರುವುದು ಒಂದೆಲಗ. ಮಂಗಳೂರು ಕಡೆಯವರಿಗೆ ತಿಮರೆ ಅಂದರೆ ಗೊತ್ತಾಗುತ್ತದೆ. ಒಂದು ಬುಡ ನೆಟ್ಟರೆ ಸಾಕು, ಬಳ್ಳಿ ಓಡುತ್ತಾ ಗಂಟುಗಂಟಿಗೂ ಬೇರು ಬಿಡುತ್ತದೆ. ಸೋಪಿನ ನೀರು ಮಾತ್ರ ಈ ಕಡೆ ಬರಬಾರದು, ಯಾಕೆಂದರೆ ಇದನ್ನು ಬೇರು ಸಮೇತ ಹಸಿಯಾಗೇ ರುಬ್ಬುತ್ತೇವೆ.

ತುಪ್ಪದಲ್ಲಿ ಹುರಿದ ಜೀರಿಗೆ, ಕಾಳುಮೆಣಸು, ಒಂದು ಹಿಡಿ ಕಾಯಿತುರಿ, ಚೆನ್ನಾಗಿ ತೊಳೆದ ಒಂದೆಲಗ. ನುಣ್ಣಗೆ ರುಬ್ಬಿ ಮಜ್ಜಿಗೆ ಬೆರೆಸಿ, ಒಗ್ಗರಣೆ ಕೊಟ್ಟರೆ ಮುಗೀತು. ಕುದಿಸುವ ಕೆಲಸವೇ ಇಲ್ಲ. ಮಲೆನಾಡಿನ ಮನೆಗಳಲ್ಲಿ ಪರೀಕ್ಷೆ ಹತ್ತಿರ ಬಂತು ಅಂದರೆ, ನೆನಪಿನ ಶಕ್ತಿಗೆ ಒಳ್ಳೆಯದು ಅನ್ನೋ ನಂಬಿಕೆಯಿಂದ, ಮಕ್ಕಳ ತಟ್ಟೆಗೆ ಈ ತಂಬುಳಿ ಬಂದೇ ಬರುತ್ತದೆ. ಮಾರ್ಕ್ಸ್ ಜಾಸ್ತಿ ಬರುತ್ತೋ ಇಲ್ವೋ, ಅನ್ನ ಅಂತೂ ಎರಡು ತುತ್ತು ಜಾಸ್ತಿ ಹೋಗುತ್ತದೆ.

ಈ ಕುಂಡದಲ್ಲಿರೋದು ದೊಡ್ಡಪತ್ರೆ. ಫ್ಲ್ಯಾಟಿನ ಬಾಲ್ಕನಿಯಲ್ಲೂ ಬರುತ್ತದೆ. ಬೇರು ಬೇಡ, ಕುಡಿ ಮುರಿದು ಮಣ್ಣಿಗೆ ಚುಚ್ಚಿ. ಕಾಳಜಿ ಜಾಸ್ತಿ ಮಾಡಿ ದಿನಾ ನೀರು ಹಾಕಿದರೆ ಕೊಳೆಯುತ್ತದೆ ಅಷ್ಟೇ. ಈಗ ಎಲೆಯನ್ನು ಹತ್ತಿರದಿಂದ ತೋರಿಸುತ್ತೇನೆ. ದಪ್ಪ, ಮೇಲೆಲ್ಲ ಸಣ್ಣ ಸಣ್ಣ ರೋಮ. ಕಾವಲಿ ಮೇಲಿಟ್ಟರೆ ಮೆತ್ತಗಾಗಿ ಬಣ್ಣ ಕಂದುತ್ತದೆ, ಆಮೇಲೆ ಹಿಂಡಿದರೆ ರಸ ತೊಟ್ಟಿಕ್ಕುತ್ತದೆ. ಓಮಿನ ಕಾಳಿನ ವಾಸನೆ ಬರ್ತಿದೆ ಅಲ್ವಾ ಅಂತ ಕೇಳೋಣ ಅಂದರೆ, ಪಾಪ, ನಿಮಗೆ ವಾಸನೆ ಬರಲ್ಲ! ಓಮಿನಲ್ಲಿರುವ ಥೈಮಾಲ್ ಅನ್ನೋ ವಾಸನೆಯ ಅಂಶ ಇದರಲ್ಲೂ ಇದೆ. ಶೀತ, ಕೆಮ್ಮಿಗೆ ನಮ್ಮಲ್ಲಿ ಈ ರಸಕ್ಕೆ ಜೇನು ಬೆರೆಸಿ ನೆಕ್ಕಿಸುತ್ತಾರೆ. ಒಂದು ವರ್ಷ ತುಂಬದ ಮಗುವಿಗೆ ಜೇನು ಕೊಡಲೇಬೇಡಿ. ಜ್ವರ, ಉಬ್ಬಸ ಇದ್ದರೆ ಡಾಕ್ಟರ ಹತ್ತಿರ ಹೋಗಿ, ಹಿತ್ತಲಿಗಲ್ಲ.

ಬೇಲಿ ಸಾಲಲ್ಲಿರುವುದು ಚಕ್ರಮುನಿ, ವಿಟಮಿನ್ ಸೊಪ್ಪು ಅಂತೀವಲ್ಲ, ಅದೇ. ಮಳೆಗಾಲದಲ್ಲಿ ಗೇಣುದ್ದದ ಕಡ್ಡಿ ನೆಟ್ಟರೆ ಚಿಗುರುತ್ತದೆ. "ಹಸಿ ಜ್ಯೂಸ್ ಕುಡಿದರೆ ತೂಕ ಇಳಿಯುತ್ತಾ?" ಅಂತ ತುಂಬಾ ಜನ ಕೇಳುತ್ತಾರೆ. 1990ರ ದಶಕದಲ್ಲಿ ತೈವಾನಿನಲ್ಲಿ ಹೀಗೇ ತೂಕ ಇಳಿಸೋಕೆ ಅಂತ ಇದರ ಹಸಿ ರಸ ಕುಡಿದು ಎಷ್ಟೋ ಜನರ ಶ್ವಾಸಕೋಶ ಹಾಳಾಯಿತು. ಕೆಲವರಿಗೆ ಶ್ವಾಸಕೋಶದ ಕಸಿಯನ್ನೇ ಮಾಡಬೇಕಾಯಿತು. ಅಡುಗೆಗೆ ಒಂದು ಹಿಡಿ ಸೊಪ್ಪು ಹಾಕುವುದು ಬೇರೆ, ಔಷಧಿ ಅಂತ ದಿನಾ ಲೋಟಗಟ್ಟಲೆ ಕುಡಿಯೋದು ಬೇರೆ. ಹಾಗಾಗಿ ನಮ್ಮನೇಲಿ ಇದು ಯಾವಾಗಲೋ ಒಮ್ಮೆ ಪಲ್ಯಕ್ಕೆ ಮಾತ್ರ, ಅದೂ ಚೆನ್ನಾಗಿ ಬೇಯಿಸಿ, ಕಾಯಿ ಧಾರಾಳವಾಗಿ ಹಾಕಿ. ಜ್ಯೂಸ್ ರೆಸಿಪಿ ಕೇಳಿದವರಿಗೆ ಮುಂದಿನ ವಾರ ಪಲ್ಯದ ವಿಡಿಯೋ ಹಾಕ್ತೀನಿ.