ನೆನಪಿಲ್ಲದ ಊರಿನ ಹಾಡು

ಕೇಳುಗರಿಗೆ ನಮಸ್ಕಾರ.

ಎರಡು ವರ್ಷದ ಮಗುವಿಗೆ ಹುಟ್ಟಿದ ಊರು ಎಷ್ಟು ನೆನಪಿದ್ದೀತು? ಬೀದಿ ನೆನಪಿರುವುದಿಲ್ಲ, ಮನೆಯ ಬಾಗಿಲೂ ನೆನಪಿರುವುದಿಲ್ಲ. ಆದರೆ ಮನೆಯ ಹಿರಿಯರು ದಿನಾ ಆ ಊರಿನ ಮಾತೇ ಆಡುತ್ತಿದ್ದರೆ? ಆ ಊರಿನ ಹಾಡನ್ನೇ ಗುನುಗುತ್ತಿದ್ದರೆ? ಹಾಗೆ ಬೆಳೆದ ಒಬ್ಬ ಹುಡುಗಿ ಮುಂದೆ ಮಾಡಿದ ಆಲ್ಬಂ ಬಗ್ಗೆ ಇವತ್ತು ಹೇಳುತ್ತೇನೆ. ಹೆಸರು 'ಮಿ ತಿಯೆರ್ರಾ'. ಸ್ಪ್ಯಾನಿಷ್‌ನಲ್ಲಿ ಹಾಗಂದರೆ 'ನನ್ನ ನೆಲ'. ಬಂದದ್ದು 1993ರ ಜೂನ್‌ನಲ್ಲಿ. ಹಾಡಿದವರು ಗ್ಲೋರಿಯಾ ಎಸ್ಟೆಫಾನ್.

ಗ್ಲೋರಿಯಾ ಹುಟ್ಟಿದ್ದು 1957ರಲ್ಲಿ, ಕ್ಯೂಬಾದ ಹವಾನಾದಲ್ಲಿ. ಅಪ್ಪ ಅಂದಿನ ಆಡಳಿತಗಾರ ಬಟಿಸ್ಟಾ ಅವರ ಕುಟುಂಬದ ಕಾವಲಿಗಿದ್ದವರು. 1959ರಲ್ಲಿ ಬಟಿಸ್ಟಾ ವಿರುದ್ಧದ ಕ್ಯಾಸ್ಟ್ರೋ ಕ್ರಾಂತಿ ಗೆದ್ದಿತು. ಇವರ ಸಂಸಾರ ಅಮೆರಿಕದ ಮಯಾಮಿಗೆ ಬಂತು. ಸ್ವಲ್ಪ ದಿನ ಇದ್ದು ವಾಪಸ್ ಹೋಗೋಣ ಎಂದುಕೊಂಡು ಬಂದವರು ಅಲ್ಲಿ ಬಹಳ ಜನ ಇದ್ದರು. ಆ ಸ್ವಲ್ಪ ದಿನ ಮುಗಿಯಲೇ ಇಲ್ಲ. ಅಪ್ಪ ಮುಂದೆ ವಿಯೆಟ್ನಾಂ ಯುದ್ಧಕ್ಕೆ ಹೋಗಿ ಬಂದರು. ಬಂದ ಮೇಲೆ ನರಗಳ ಕಾಯಿಲೆ ಹಿಡಿಯಿತು. ಅಮ್ಮ ಕೆಲಸಕ್ಕೆ ಹೋದರೆ, ಅಪ್ಪನನ್ನೂ ತಂಗಿಯನ್ನೂ ನೋಡಿಕೊಳ್ಳುವುದು ಈ ಹುಡುಗಿಯ ಪಾಲಿಗೆ. ಬಿಡುವು ಸಿಕ್ಕಾಗ ಕೋಣೆಯಲ್ಲಿ ಕೂತು ಗಿಟಾರ್ ಹಿಡಿಯುತ್ತಿದ್ದರು.

1980ರ ದಶಕದಲ್ಲಿ 'ಮಯಾಮಿ ಸೌಂಡ್ ಮಷೀನ್' ತಂಡದ ಜೊತೆ ಹಾಡಿದ ಇಂಗ್ಲಿಷ್ ಹಾಡುಗಳು ಅವರನ್ನು ಜಗತ್ತಿಗೆಲ್ಲ ಪರಿಚಯ ಮಾಡಿಸಿದವು. 1990ರ ಮಾರ್ಚ್‌ನಲ್ಲಿ ಪೆನ್ಸಿಲ್ವೇನಿಯಾದ ಹಿಮ ಬಿದ್ದ ರಸ್ತೆಯಲ್ಲಿ ನಿಂತಿದ್ದ ಅವರ ಬಸ್ಸಿಗೆ ಲಾರಿ ಗುದ್ದಿತು. ಬೆನ್ನುಮೂಳೆ ಮುರಿಯಿತು. ಎರಡು ಲೋಹದ ಸರಳು ಹಾಕಿ ನಿಲ್ಲಿಸಿದರು. ಒಂದು ವರ್ಷ ತುಂಬುವ ಮೊದಲೇ ಮತ್ತೆ ವೇದಿಕೆ ಹತ್ತಿದರು!

ಇಷ್ಟೆಲ್ಲ ಆದ ಮೇಲೆ, ಇಂಗ್ಲಿಷ್‌ನಲ್ಲಿ ಹೆಸರು ಮಾಡಿದ ಗಾಯಕಿ ಪೂರ್ತಿ ಸ್ಪ್ಯಾನಿಷ್‌ನಲ್ಲಿ ಆಲ್ಬಂ ಮಾಡುತ್ತೇನೆ ಎಂದು ಹೊರಟರು. ಅದೂ ಹೊಸ ಕಾಲದ ಪಾಪ್ ಅಲ್ಲ. ಕ್ಯೂಬಾದಲ್ಲಿ 1930, 40ರ ದಶಕದಲ್ಲಿ ಕೇಳುತ್ತಿದ್ದ ಸೋನ್, ದಾನ್ಸೋನ್, ಬೊಲೆರೊ. ಅಂದರೆ ಅಜ್ಜಿ ಕಾಲದ ಹಾಡಿನ ಧಾಟಿ. ಆದರೆ ಹನ್ನೆರಡು ಹಾಡೂ ಹೊಸದಾಗಿ ಬರೆದವು. ನನಗೆ ಬಹಳ ಹಿಡಿಸಿದ್ದು ಇದೇ. ಹಳೆಯ ಹಾಡನ್ನೇ ಇನ್ನೊಮ್ಮೆ ಹಾಡಿದ್ದರೆ ಸುಲಭವಿತ್ತು ಅಲ್ವಾ?

ಈ ಸಂಗೀತದಲ್ಲಿ ಏನು ಕೇಳಬೇಕು ಅಂತ ಸ್ವಲ್ಪ ಹೇಳುತ್ತೇನೆ. ಮೊದಲು ಕ್ಲಾವೆ. ಎರಡು ಗಟ್ಟಿ ಮರದ ಕೋಲುಗಳು, ಗೇಣುದ್ದದವು. ಒಂದಕ್ಕೊಂದು ಬಡಿದರೆ ಟಕ್ ಎನ್ನುತ್ತವೆ. ಲಯದ ಒಂದು ಸುತ್ತಿನಲ್ಲಿ ಐದೇ ಪೆಟ್ಟು. ಸುತ್ತಿನ ಒಂದು ಅರ್ಧದಲ್ಲಿ ಮೂರು, ಇನ್ನೊಂದು ಅರ್ಧದಲ್ಲಿ ಎರಡು. ಡೋಲು, ಪಿಯಾನೊ, ಹಾಡುವ ದನಿ, ಎಲ್ಲವೂ ಈ ಐದು ಪೆಟ್ಟಿಗೆ ಬದ್ಧ. ನಮ್ಮ ಕಛೇರಿಯಲ್ಲಿ ತೊಡೆಯ ಮೇಲೆ ತಾಳ ಹಾಕುತ್ತೇವಲ್ಲ, ಹಾಗೆ ಅಲ್ಲಿ ಈ ಕೋಲಿನ ಸದ್ದು. ಆಮೇಲೆ ಗ್ವಿರೊ. ಒಣಗಿದ ಸೋರೆ ಬುರುಡೆಯ ಮೈಮೇಲೆ ಗೀರು ಕೊರೆದು, ಕಡ್ಡಿಯಿಂದ ಗೀಚಿ ನುಡಿಸುತ್ತಾರೆ. ಮೂರು ಜೋಡಿ ತಂತಿಯ ತ್ರೆಸ್ ಎಂಬ ಪುಟ್ಟ ಗಿಟಾರ್ ಇದೆ. ಸ್ಪೇನಿನಿಂದ ಬಂದ ತಂತಿ, ಗುಲಾಮರಾಗಿ ಬಂದ ಆಫ್ರಿಕದವರ ಚರ್ಮವಾದ್ಯ, ಎರಡೂ ಕ್ಯೂಬಾದ ಮಣ್ಣಿನಲ್ಲಿ ಕೂಡಿ ಹುಟ್ಟಿದ್ದು ಸೋನ್.

ನುಡಿಸಲು ಬಂದವರು ಯಾರು ಗೊತ್ತೇ? ತಗ್ಗು ದನಿಯ ದೊಡ್ಡ ತಂತಿವಾದ್ಯ ಬಾಸ್‌ಗೆ ಕಾಚಾವೊ. ಮಾಂಬೊ ಲಯವನ್ನು ಅಣ್ಣನ ಜೊತೆ ಸೇರಿ ಬೆಳೆಸಿದವರು. ಆಗ ವಯಸ್ಸು ಎಪ್ಪತ್ತು ದಾಟಿತ್ತು. ಅಷ್ಟು ದೊಡ್ಡ ಕಲಾವಿದರು ಮಯಾಮಿಯಲ್ಲಿ ಮದುವೆ ಸಮಾರಂಭಗಳಿಗೂ ಬಾಸ್ ನುಡಿಸಿ ದಿನ ತಳ್ಳಿದ್ದರು. ಕ್ಯೂಬಾ ಬಿಟ್ಟು ಬಂದಿದ್ದ ತುತ್ತೂರಿಗಾರ ಆರ್ಟುರೊ ಸಾಂಡೊವಾಲ್ ಇದ್ದರು, ಸ್ಯಾಕ್ಸೊಫೋನ್ ನುಡಿಸುವ ಪಾಕಿತೊ ಡಿರಿವೇರಾ ಇದ್ದರು. ನ್ಯೂಯಾರ್ಕಿನ ಟೀಟೊ ಪ್ವೆಂತೆ ತಿಂಬಾಲೆಸ್ ಹಿಡಿದರು. ಅದು ಜೋಡಿ ಲೋಹದ ಡೋಲು. ಬೇರೆ ಬೇರೆ ವರ್ಷಗಳಲ್ಲಿ ದ್ವೀಪ ಬಿಟ್ಟವರು ಒಂದೇ ಆಲ್ಬಂನಲ್ಲಿ ಕೂಡಿದ್ದರು. ಆ ಬಾಸ್ ದನಿ ಕೇಳಿದಾಗಲೆಲ್ಲ ನನಗೆ ಆ ಮದುವೆ ಮನೆಗಳು ನೆನಪಾಗುತ್ತವೆ.

ಹೆಸರಿನ ಹಾಡು 'ಮಿ ತಿಯೆರ್ರಾ' ಬರೆದದ್ದು ಕೊಲಂಬಿಯಾದ ಎಸ್ತೆಫಾನೊ. ದೂರ ಇರುವವನಿಗೆ ತನ್ನ ನೆಲ ಒಳಗೆಲ್ಲೋ ನೋಯುತ್ತದೆ ಎನ್ನುವ ಹಾಡು. ಆದರೆ ಅಳುವ ರಾಗ ಅಲ್ಲ. ಕುಣಿಸುವ ಲಯ! ನೋವನ್ನು ಕುಣಿತದಲ್ಲೇ ಹೇಳುವುದು ಕ್ಯೂಬಾದವರ ರೀತಿ. ಭಾಷೆ ಗೊತ್ತಿಲ್ಲದ ನನ್ನಂಥವರಿಗೂ ಎದೆಗೆ ತಾಕುತ್ತದೆ. ಮೊದಲ ಹಾಡು ಮಾತ್ರ ನಿಧಾನದ ಬೊಲೆರೊ, 'ನನಗೆ ಉಳಿದಿರುವ ವರ್ಷಗಳಲ್ಲಿ' ಎಂಬ ಅರ್ಥದ್ದು. ಸಾವಿನ ಅಂಚಿಗೆ ಹೋಗಿ ಬಂದವರ ಬಾಯಲ್ಲಿ ಆ ಮಾತು ಬೇರೆಯೇ ಕೇಳುತ್ತದೆ.

ಅಮೆರಿಕದಲ್ಲಿ ಬಿಲ್‌ಬೋರ್ಡ್ ಪತ್ರಿಕೆ ಆ ವರ್ಷ ಲ್ಯಾಟಿನ್ ಆಲ್ಬಂಗಳ ಹೊಸ ಪಟ್ಟಿ ಶುರು ಮಾಡಿತು. ಅದರ ಮೊದಲ ನಂಬರ್ ಒನ್ ಇದೇ. ಒಟ್ಟು 58 ವಾರ ಮೇಲೆಯೇ ಇತ್ತು. ಸ್ಪೇನಿನಲ್ಲಿ ಹತ್ತು ಲಕ್ಷಕ್ಕಿಂತ ಜಾಸ್ತಿ ಪ್ರತಿ ಮಾರಾಟವಾಯಿತು. ಮರುವರ್ಷ ಗ್ರ್ಯಾಮಿ ಪ್ರಶಸ್ತಿ ಬಂತು.

1995ರಲ್ಲಿ ಗ್ಲೋರಿಯಾ ಗ್ವಾಂತಾನಮೊಗೆ ಹೋದರು. ಅದು ಕ್ಯೂಬಾ ನೆಲದ ಮೇಲಿರುವ ಅಮೆರಿಕದ ನೌಕಾನೆಲೆ. ತೆಪ್ಪ ಕಟ್ಟಿಕೊಂಡು ಸಮುದ್ರಕ್ಕಿಳಿದು ಸಿಕ್ಕಿಬಿದ್ದ ಸಾವಿರಾರು ಕ್ಯೂಬನ್ನರನ್ನು ಅಲ್ಲಿ ಶಿಬಿರಗಳಲ್ಲಿ ಇಟ್ಟಿದ್ದರು. ಅವರ ಮುಂದೆ ನಿಂತು ಹಾಡಿದರು. ಕಾಲ ಕೆಳಗೆ ಇದ್ದದ್ದು ಕ್ಯೂಬಾದ ಮಣ್ಣೇ. ಹವಾನಾ ಮಾತ್ರ ಬೇಲಿಯ ಆಚೆ.