ಹೆಸರು ಮುಚ್ಚಿದರೂ ಗುರುತು ಸಿಗಬೇಕು

ನಮಸ್ಕಾರ, ಎಲ್ಲರೂ ಚೆನ್ನಾಗಿದ್ದೀರಾ? ಈಗ ಸ್ಕ್ರೀನ್ ಮೇಲೆ ಕಾಣುತ್ತಿರುವುದು ನನ್ನ ಕೆಲಸದ ಮೇಜು. ಆಫೀಸ್ ಮುಗಿದ ಮೇಲೆ ಸಂಜೆ ಹೊತ್ತು ಇಲ್ಲಿ ಕೂತು ನೋಟ್‌ಬುಕ್ ಹೊಲಿಯುತ್ತೇನೆ, ಆನ್‌ಲೈನ್‌ನಲ್ಲಿ ಮಾರುತ್ತೇನೆ. ಇಂಥದೇ ಸಣ್ಣ ವ್ಯಾಪಾರ ಇಟ್ಟುಕೊಂಡಿರುವ ಗೆಳೆಯರು ಸಿಕ್ಕಾಗಲೆಲ್ಲ ಮಾತು ಬ್ರ್ಯಾಂಡ್ ಕಡೆಗೇ ತಿರುಗುತ್ತದೆ. ಲೋಗೋ ಯಾರ ಹತ್ತಿರ ಮಾಡಿಸಬೇಕು, ಯಾವ ಬಣ್ಣ ಇಡಬೇಕು, ಹೀಗೆ. ಹಾಗಾಗಿ ಇವತ್ತಿನ ವ್ಲಾಗ್ ಪೂರ್ತಿ ಅದರ ಬಗ್ಗೆಯೇ.

ಮೊದಲು ಈ ಪುಸ್ತಕದ ಬೆನ್ನು ನೋಡಿ. ಕ್ಯಾಮೆರಾ ಸ್ವಲ್ಪ ಹತ್ತಿರ ತರುತ್ತೇನೆ. ಸಾಮಾನ್ಯವಾಗಿ ನೋಟ್‌ಬುಕ್ಕಿನ ಬೆನ್ನಿಗೆ ಕಾಗದವನ್ನೋ ಬಟ್ಟೆಯನ್ನೋ ಅಂಟಿಸಿ ಹೊಲಿಗೆ ಮುಚ್ಚಿಬಿಡುತ್ತಾರೆ. ನಾನು ಮುಚ್ಚುವುದಿಲ್ಲ. ಕಡು ಹಳದಿ ಬಣ್ಣದ ದಪ್ಪ ದಾರ, ಈ ರಟ್ಟಿನಿಂದ ಆ ರಟ್ಟಿನವರೆಗೆ ಸರಪಳಿ ಹೊಲಿಗೆಯಲ್ಲಿ ಸಾಲು ಸಾಲಾಗಿ ಕಾಣುತ್ತದೆ. ಬೆನ್ನಿಗೆ ಅಂಟು ಇಲ್ಲದ ಕಾರಣ ಪುಸ್ತಕ ಮೇಜಿನ ಮೇಲೆ ಪೂರ್ತಿ ಚಪ್ಪಟೆಯಾಗಿ ತೆರೆದುಕೊಳ್ಳುತ್ತದೆ. ಬರೆಯುವಾಗ ಇನ್ನೊಂದು ಕೈಯಿಂದ ಒತ್ತಿ ಹಿಡಿಯುವ ತಾಪತ್ರಯ ಇಲ್ಲ.

ಈಗ ರಟ್ಟಿನ ಮೇಲಿನ ಹೆಸರಿನ ಮೇಲೆ ಬೆರಳು ಇಡುತ್ತೇನೆ. ಹೆಸರು ಕಾಣುತ್ತಿಲ್ಲ. ಆದರೂ ಇದು ಯಾರ ಕೈಯ ಪುಸ್ತಕ ಅಂತ ಹಿಂದೆ ಕೊಂಡವರಿಗೆ ಗೊತ್ತಾಗುತ್ತದೆ, ಅಲ್ವಾ? ನನ್ನ ಲೆಕ್ಕದಲ್ಲಿ ಬ್ರ್ಯಾಂಡ್ ಅಂದರೆ ಇಷ್ಟೇ. ಗುರುತು ಹೊರಗಿನಿಂದ ತಂದು ಅಂಟಿಸಿದ್ದಲ್ಲ. ಪುಸ್ತಕ ಚೆನ್ನಾಗಿ ತೆರೆದುಕೊಳ್ಳಲು ಯಾವ ಹೊಲಿಗೆ ಬೇಕೋ, ಅದನ್ನೇ ಎದ್ದು ಕಾಣುವ ಹಾಗೆ ಮಾಡಿದ್ದು. ನೀವು ಸೋಪು ಮಾಡುತ್ತೀರಾ, ಮಣ್ಣಿನ ಪಾತ್ರೆ ಮಾಡುತ್ತೀರಾ, ಮಕ್ಕಳಿಗೆ ಆನ್‌ಲೈನ್ ಪಾಠ ಹೇಳುತ್ತೀರಾ, ಅದು ಮುಖ್ಯ ಅಲ್ಲ. ನಿಮ್ಮ ಕೆಲಸದಲ್ಲಿ ಯಾವುದು ನಿಜಕ್ಕೂ ಚೆನ್ನಾಗಿದೆಯೋ ಅಲ್ಲಿಂದಲೇ ಹುಡುಕಲು ಶುರು ಮಾಡಿ. ಅಲ್ಲಿ ಸಿಕ್ಕ ಗುರುತು ಸುಮ್ನೆ ಅಲಂಕಾರವಾಗಿ ಉಳಿಯುವುದಿಲ್ಲ, ಕೆಲಸದ ಜೊತೆಗೇ ನೆನಪಿನಲ್ಲಿ ಕೂರುತ್ತದೆ.

ಸಣ್ಣ ವ್ಯಾಪಾರಕ್ಕೆ ಇದು ಯಾಕೆ ಇಷ್ಟು ಮುಖ್ಯ? ನಮ್ಮ ಹತ್ತಿರ ಜಾಹೀರಾತಿಗೆ ದುಡ್ಡಿಲ್ಲ, ಸಮಯವಂತೂ ಇಲ್ಲವೇ ಇಲ್ಲ. ಒಬ್ಬ ಗ್ರಾಹಕರು ಇವತ್ತು ನಮ್ಮನ್ನು ನೋಡಿದರೆ, ಮತ್ತೆ ನೋಡುವುದು ಯಾವಾಗಲೋ. ನಡುವೆ ಅವರ ಕಣ್ಣ ಮುಂದೆ ಸಾವಿರ ಸಾಮಾನು ಹಾದು ಹೋಗಿರುತ್ತದೆ. ಎರಡನೇ ಸಲ ನೋಡಿದಾಗ "ಅರೆ, ಇದನ್ನು ಎಲ್ಲೋ ನೋಡಿದ್ದೇನೆ" ಅನ್ನಿಸದಿದ್ದರೆ, ಮೊದಲ ಸಲ ನೋಡಿದ್ದು ಲೆಕ್ಕಕ್ಕೇ ಬರಲಿಲ್ಲ.

"ಎಲ್ಲೋ ನೋಡಿದ್ದೇನೆ" ಅನ್ನುವ ಆ ಭಾವನೆಗೆ ತುಂಬಾ ಶಕ್ತಿ ಇದೆ. ರಾಬರ್ಟ್ ಝಾಯನ್ಸ್ ಎಂಬ ಮನಃಶಾಸ್ತ್ರಜ್ಞರು 1968ರಲ್ಲಿ ಇದರ ಬಗ್ಗೆ ಒಂದು ಪ್ರಬಂಧ ಪ್ರಕಟಿಸಿದರು. ಅರ್ಥವಿಲ್ಲದ ಪದಗಳು, ಓದಲು ಬಾರದ ಲಿಪಿಯಂಥ ಚಿಹ್ನೆಗಳು, ಅಪರಿಚಿತರ ಮುಖದ ಫೋಟೋಗಳು, ಇವನ್ನು ಜನರಿಗೆ ತೋರಿಸಿದರು. ಕೆಲವನ್ನು ಒಂದೆರಡು ಸಲ, ಕೆಲವನ್ನು ಹಲವು ಸಲ. ಹೆಚ್ಚು ಸಲ ನೋಡಿದ್ದೇ ಜನರಿಗೆ ಹೆಚ್ಚು ಹಿಡಿಸಿತು. ಹೊಗಳಿಕೆ ಬೇಕಾಗಲಿಲ್ಲ, ವಿವರಣೆ ಬೇಕಾಗಲಿಲ್ಲ. ಆದರೆ ಮತ್ತೆ ಮತ್ತೆ ಕಂಡದ್ದು ಅದೇ ಆಗಿರಬೇಕು. ಇವತ್ತು ಹಳದಿ, ನಾಳೆ ನೀಲಿ ಅಂತ ಬದಲಾಯಿಸುತ್ತಾ ಹೋದರೆ ಹತ್ತು ಸಲ ಕಂಡರೂ ಅದು ಹತ್ತು ಬೇರೆ ಬೇರೆ ಅಂಗಡಿಗಳ ಹಾಗೆ.

ಆದ್ದರಿಂದ ಕಡಿಮೆ ಆರಿಸಿ. ಒಂದು ಬಣ್ಣ, ಒಂದು ಅಕ್ಷರ ಶೈಲಿ, ಕೈಗೆ ಸಿಗುವ ಒಂದು ಗುರುತು. ಅಷ್ಟು ಸಾಕು.

ಬಣ್ಣದ ವಿಷಯದಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕಂದರೆ ಜಾಸ್ತಿ ಎಡವಟ್ಟಾಗುವುದು ಇಲ್ಲೇ. ಮೊಬೈಲ್ ಸ್ಕ್ರೀನ್ ಕೆಂಪು, ಹಸಿರು, ನೀಲಿ ಬೆಳಕು ಬೆರೆಸಿ ಬಣ್ಣ ತೋರಿಸುತ್ತದೆ. ಪ್ರಿಂಟರ್ ನಾಲ್ಕು ಶಾಯಿ ಬೆರೆಸುತ್ತದೆ: ಸಯಾನ್, ಮೆಜೆಂಟಾ, ಹಳದಿ, ಕಪ್ಪು. ಬೆಳಕಿನಲ್ಲಿ ಹೊಳೆಯುವ ಕೆಲವು ಬಣ್ಣ ಈ ನಾಲ್ಕು ಶಾಯಿಯಲ್ಲಿ ಹುಟ್ಟುವುದೇ ಇಲ್ಲ. ಸ್ಕ್ರೀನ್ ನೋಡಿ ಬಣ್ಣ ಗಟ್ಟಿ ಮಾಡಿಕೊಂಡು ಸ್ಟಿಕ್ಕರ್ ಪ್ರಿಂಟ್‌ಗೆ ಕೊಟ್ಟರೆ, ಮಂಕು ಬಣ್ಣ ಕೈಗೆ ಬರುತ್ತದೆ. ಒಂದೇ ಒಂದು ಸ್ಯಾಂಪಲ್ ಪ್ರಿಂಟ್ ಹಾಕಿಸಿ, ಹಗಲು ಬೆಳಕಿನಲ್ಲಿ ನೋಡಿ, ಆಮೇಲೆ ಮುಂದುವರಿಯಿರಿ. ದೊಡ್ಡ ಕಂಪನಿಗಳು ಪ್ಯಾಂಟೋನ್ ನಂಬರ್ ಬಳಸುವುದು ಇದಕ್ಕೇ. 1963ರಲ್ಲಿ ಶುರುವಾದ ಆ ಪದ್ಧತಿಯಲ್ಲಿ ಪ್ರತಿ ಬಣ್ಣಕ್ಕೂ ಒಂದು ನಂಬರ್, ಪ್ರತಿ ನಂಬರ್‌ಗೂ ಶಾಯಿ ಬೆರೆಸುವ ಒಂದು ಅಳತೆ ಇದೆ. ಆಭರಣದ ಟಿಫನಿ ಕಂಪನಿ ತನ್ನ ತಿಳಿ ನೀಲಿಯನ್ನು 1845ರಲ್ಲಿ ಕ್ಯಾಟಲಾಗ್ ಹೊದಿಕೆಗೆ ಬಳಸಿತು. ಆ ಬಣ್ಣಕ್ಕೆ ಟ್ರೇಡ್‌ಮಾರ್ಕ್ ಸಿಕ್ಕಿದ್ದು 1998ರಲ್ಲಿ. ನಡುವೆ ನೂರೈವತ್ತು ವರ್ಷ ಕಳೆದರೂ ಅವರು ಆ ನೀಲಿಯನ್ನು ಬಿಡಲಿಲ್ಲ. ಖಾಲಿ ಡಬ್ಬಿ ತೋರಿಸಿದರೂ ಜನ ಹೆಸರು ಹೇಳುತ್ತಾರೆ ಅಂದರೆ ಅದಕ್ಕೆ ಆ ಹಠವೇ ಕಾರಣ.

ಈಗ ಕಾಣುತ್ತಿರುವುದು ದಾರದ ಉಂಡೆಗಳು. ಎರಡೂ ಹಳದಿಯೇ, ಆದರೆ ಪಕ್ಕ ಪಕ್ಕ ಇಟ್ಟು ನೋಡಿ. ಎಡಗಡೆಯದು ಸ್ವಲ್ಪ ಕಿತ್ತಳೆ ಕಡೆಗೆ ವಾಲಿದೆ. ದಾರಕ್ಕೆ ಬಣ್ಣ ಹಾಕುವುದು ಒಂದೊಂದು ಕಂತಿನಲ್ಲಿ. ಶೇಡ್ ನಂಬರ್ ಒಂದೇ ಇದ್ದರೂ ಕಂತು ಬೇರೆಯಾದರೆ ಛಾಯೆ ಬೇರೆಯಾಗಬಹುದು. ಅದಕ್ಕೇ ಲೇಬಲ್ ಮೇಲೆ ಶೇಡ್ ನಂಬರ್ ಜೊತೆ ಲಾಟ್ ನಂಬರ್ ಕೂಡ ಇರುತ್ತದೆ. ನಾನು ಒಂದೇ ಲಾಟ್‌ನ ಉಂಡೆಗಳನ್ನು ಒಟ್ಟಿಗೆ ಕೊಳ್ಳುತ್ತೇನೆ. ಹಳೆಯ ಉಂಡೆಯ ಒಂದು ತುಂಡನ್ನು ಕಾರ್ಡ್‌ಗೆ ಸುತ್ತಿ ಇಟ್ಟುಕೊಂಡಿದ್ದೇನೆ. ಹೊಸದು ಬಂದಾಗ ಅದರ ಪಕ್ಕ ಹಿಡಿದು ನೋಡುವುದು. ಇದು ಬೇಸರದ ಕೆಲಸ ಅನ್ನಿಸಬಹುದು. ನನಗಂತೂ ತುಂಬಾ ಇಷ್ಟ.

ಬಣ್ಣ ಒಂದನ್ನೇ ನಂಬಿ ಕೂರುವುದೂ ಬೇಡ. ಕೆಲವರ ಕಣ್ಣಿಗೆ ಕೆಂಪು ಹಸಿರಿನ ವ್ಯತ್ಯಾಸ ಸರಿಯಾಗಿ ತಿಳಿಯುವುದಿಲ್ಲ. ನಿಮ್ಮ ವಸ್ತುವಿನ ಫೋಟೋವನ್ನು ಮೊಬೈಲ್‌ನಲ್ಲೇ ಕಪ್ಪು ಬಿಳುಪು ಮಾಡಿ ನೋಡಿ. ಬಣ್ಣ ಹೋದ ಮೇಲೂ ಏನಾದರೂ ಉಳಿಯಿತಾ? ನನ್ನ ಪುಸ್ತಕದಲ್ಲಿ ಹೊಲಿಗೆಯ ಸಾಲು ಉಳಿಯುತ್ತದೆ. ಇದನ್ನು ಚೆನ್ನಾಗಿ ಅರ್ಥ ಮಾಡಿಕೊಂಡವರು ಕೋಕಾ ಕೋಲಾದವರು. 1915ರಲ್ಲಿ ಹೊಸ ಬಾಟಲಿ ಬೇಕಾದಾಗ ಗಾಜಿನ ಕಂಪನಿಗಳ ಮುಂದೆ ಒಂದು ಷರತ್ತು ಇಟ್ಟರು. ಕತ್ತಲಲ್ಲಿ ಮುಟ್ಟಿದರೂ ಗೊತ್ತಾಗಬೇಕು, ಒಡೆದು ನೆಲದ ಮೇಲೆ ಬಿದ್ದಿದ್ದರೂ ಗೊತ್ತಾಗಬೇಕು. ಎಷ್ಟು ಒಳ್ಳೆಯ ಷರತ್ತು ನೋಡಿ! ಅದರಲ್ಲಿ ಲೋಗೋದ ಮಾತೇ ಇಲ್ಲ.

ಲೋಗೋ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ಪ್ರೊಫೈಲ್ ಫೋಟೋದ ಪುಟ್ಟ ವೃತ್ತದೊಳಗೆ ಹಾಕಿ ನೋಡಿ, ಅಲ್ಲಿ ತಿಳಿದರೆ ಎಲ್ಲ ಕಡೆ ತಿಳಿಯುತ್ತದೆ. ಹೆಸರು ಕನ್ನಡ ಅಕ್ಷರದಲ್ಲಿದ್ದರೆ ಒತ್ತಕ್ಷರಗಳು ಚಿಕ್ಕ ಗಾತ್ರದಲ್ಲಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಕೆಳಗೆ ಜಾಗ ಬಿಡಿ. ಫಾಂಟ್ ಇಳಿಸಿಕೊಳ್ಳುವಾಗ ಲೈಸೆನ್ಸ್ ಓದಿ. ಉಚಿತ ಅಂತ ಸಿಗುವ ಎಷ್ಟೋ ಫಾಂಟ್‌ಗಳು ಸ್ವಂತ ಬಳಕೆಗೆ ಮಾತ್ರ, ವ್ಯಾಪಾರಕ್ಕೆ ಅಲ್ಲ. ಓಪನ್ ಫಾಂಟ್ ಲೈಸೆನ್ಸ್ ಇರುವವನ್ನು ವ್ಯಾಪಾರಕ್ಕೂ ಧೈರ್ಯವಾಗಿ ಬಳಸಬಹುದು.

ಹೆಸರು ಇಡುವ ಮೊದಲು ಅದನ್ನು ಯಾರಿಗಾದರೂ ಫೋನಿನಲ್ಲಿ ಹೇಳಿ, ಬರೆದು ಕಳಿಸಿ ಅನ್ನಿ. ತಪ್ಪಾಗಿ ಬರೆದರೆ ಹುಡುಕುವಾಗಲೂ ತಪ್ಪಾಗಿಯೇ ಹುಡುಕುತ್ತಾರೆ. ಆಮೇಲೆ ಅದೇ ಹೆಸರು ಬೇರೆಯವರದ್ದಾಗಿದೆಯಾ ನೋಡಿ. ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯ ಬ್ರ್ಯಾಂಡ್ ಡೇಟಾಬೇಸ್‌ನಲ್ಲಿ ಉಚಿತವಾಗಿ ಹುಡುಕಬಹುದು. ಟ್ರೇಡ್‌ಮಾರ್ಕ್‌ಗೆ ಅಂತಾರಾಷ್ಟ್ರೀಯವಾಗಿ 45 ವರ್ಗಗಳಿವೆ, 34 ವಸ್ತುಗಳಿಗೆ, 11 ಸೇವೆಗಳಿಗೆ. ನೋಟ್‌ಬುಕ್ ಬರುವುದು 16ರಲ್ಲಿ. ನಿಮ್ಮದು ಯಾವ ವರ್ಗ ಅಂತ ಗೊತ್ತಿದ್ದರೆ ಹುಡುಕಾಟ ಸುಲಭ. "ಕೈ ಹೊಲಿಗೆ ನೋಟ್‌ಬುಕ್" ಅನ್ನುವಂಥ ಹೆಸರು ಮಾತ್ರ ಬೇಡ. ವಸ್ತುವನ್ನು ಸುಮ್ನೆ ವರ್ಣಿಸುವ ಮಾತನ್ನು ನನ್ನದೊಬ್ಬಳದೇ ಅಂತ ಹಿಡಿದುಕೊಳ್ಳುವುದು ಕಷ್ಟ.

ಇನ್ನು ಎಲ್ಲಕ್ಕಿಂತ ಕಷ್ಟದ ಭಾಗ. ಆರಿಸಿದ್ದನ್ನು ಬಿಡದೆ ಇಟ್ಟುಕೊಳ್ಳುವುದು. ಈ ಹಳದಿ ದಾರವನ್ನು ನಾನು ದಿನಾ ನೋಡುತ್ತೇನೆ. ಹೊಲಿಯುವಾಗ, ಫೋಟೋ ತೆಗೆಯುವಾಗ, ಪ್ಯಾಕ್ ಮಾಡುವಾಗ. ಸಾಕಪ್ಪಾ, ಏನಾದರೂ ಹೊಸದು ಮಾಡೋಣ ಅಂತ ಕೈ ತುರಿಸುವುದು ಸಹಜ. ಆದರೆ ನನಗೆ ಬೇಸರ ಬರುವ ಹೊತ್ತಿಗೆ ಗ್ರಾಹಕರಿಗೆ ಆಗ ತಾನೇ ಗುರುತು ಹತ್ತಲು ಶುರುವಾಗಿರುತ್ತದೆ. ಅವರು ಅದನ್ನು ನೋಡಿರುವುದೇ ಎರಡೋ ಮೂರೋ ಸಲ.

2009ರ ಜನವರಿಯಲ್ಲಿ ಟ್ರಾಪಿಕಾನ ಕಂಪನಿ ತನ್ನ ಜ್ಯೂಸ್ ಪ್ಯಾಕ್ ಬದಲಾಯಿಸಿತು. ಕಿತ್ತಳೆ ಹಣ್ಣಿಗೇ ಸ್ಟ್ರಾ ಚುಚ್ಚಿದ ಹಳೆಯ ಚಿತ್ರ ತೆಗೆದು, ಗ್ಲಾಸಿನಲ್ಲಿರುವ ಜ್ಯೂಸ್ ಚಿತ್ರ ಹಾಕಿತು. ಒಳಗಿನ ಜ್ಯೂಸ್ ಅದೇ. ಆದರೆ ಸದಾ ಕೊಳ್ಳುವವರಿಗೇ ಕಪಾಟಿನಲ್ಲಿ ಅದು ಬೇರೆ ಯಾವುದೋ ಮಾಲಿನ ಹಾಗೆ ಕಂಡಿತು. ಎರಡು ತಿಂಗಳೊಳಗೆ ಮಾರಾಟ ಸುಮಾರು ಶೇಕಡಾ 20ರಷ್ಟು ಬಿದ್ದು, ಹಳೆಯ ಪ್ಯಾಕ್ ವಾಪಸ್ ತರಬೇಕಾಯಿತು. ಅವರ ಹತ್ತಿರ ದುಡ್ಡಿತ್ತು, ಸುಧಾರಿಸಿಕೊಂಡರು. ನಮ್ಮಂಥವರಿಗೆ ಆ ಅನುಕೂಲ ಇಲ್ಲ.

ಹಾಗಂತ ಏನೂ ಬದಲಾಗಬಾರದು ಅಂತಲ್ಲ. ಪುಸ್ತಕದ ಗಾತ್ರ ಬದಲಾಗಲಿ, ರಟ್ಟಿನ ಬಟ್ಟೆ ಬದಲಾಗಲಿ, ಗೆರೆ ಹಾಳೆ ಹೋಗಿ ಚುಕ್ಕಿ ಹಾಳೆ ಬರಲಿ. ದಾರ ಬದಲಾಗುವುದಿಲ್ಲ. ಈ ನಿಯಮವನ್ನು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿದ್ದೇನೆ, ಇಲ್ಲಿ ಕಾಣುತ್ತದೆ ನೋಡಿ. ಬಣ್ಣದ ಕೋಡ್, ಫಾಂಟ್ ಹೆಸರು, ದಾರದ ನಂಬರ್, ಫೋಟೋಗೆ ಯಾವ ಬಟ್ಟೆ ಹಾಸಬೇಕು, ಯಾವ ಕಿಟಕಿಯ ಬೆಳಕು. ಆರ್ಡರ್ ಜಾಸ್ತಿ ಬಂದಾಗ ತಂಗಿ ಸಹಾಯಕ್ಕೆ ಬರುತ್ತಾಳೆ. ಅವಳು ಪ್ಯಾಕ್ ಮಾಡಿದ್ದೂ ನಾನು ಪ್ಯಾಕ್ ಮಾಡಿದ್ದೂ ಒಂದೇ ತರಹ ಇರಬೇಕಾದರೆ ನನ್ನ ತಲೆಯಲ್ಲಿರುವುದು ಹಾಳೆಯ ಮೇಲೆ ಬರಲೇಬೇಕು.

ಮಾತಿಗೂ ಇದೇ ನಿಯಮ. ಗ್ರಾಹಕರ ಮೆಸೇಜ್‌ಗೆ ಉತ್ತರಿಸುವಾಗ ನಾನು ಹೇಗೆ ಮಾತಾಡುತ್ತೇನೋ ಹಾಗೇ ಬರೆಯುತ್ತೇನೆ. "ಪುಟದ ಮಸಿ ಹಿಂಬದಿಗೆ ಇಳಿಯುತ್ತಿದೆ" ಅಂತ ಯಾರಾದರೂ ಬರೆದರೆ, ಯಾವ ಪೆನ್ ಬಳಸಿದಿರಿ ಅಂತ ಕೇಳುತ್ತೇನೆ, ಅದೇ ಪೆನ್ನಿನಲ್ಲಿ ನಾನೂ ಬರೆದು ನೋಡುತ್ತೇನೆ. ಗುರುತು ಸಿಗುವುದರಲ್ಲಿ ಒಂದು ಅಪಾಯವೂ ಇದೆ. ಕಾಗದ ಕೆಟ್ಟದಾಗಿದ್ದರೆ ಅದೂ ಹಳದಿ ದಾರದ ಜೊತೆಗೇ ನೆನಪಿರುತ್ತದೆ. ಹೆಸರಿಲ್ಲದ ವಸ್ತುವಿನ ತಪ್ಪನ್ನು ಜನ ಮರೆಯುತ್ತಾರೆ, ಗುರುತಿರುವ ವಸ್ತುವಿನದ್ದನ್ನು ಮರೆಯುವುದಿಲ್ಲ.

ಇದೆಲ್ಲ ಫಲ ಕೊಡುತ್ತಿದೆಯಾ ಅಂತ ತಿಳಿಯುವುದು ಹೇಗೆ? ಲೈಕ್ ಎಣಿಸಿ ಗೊತ್ತಾಗುವುದಿಲ್ಲ. ಜನ ನಿಮ್ಮನ್ನು ಏನಂತ ಕರೆಯುತ್ತಾರೆ ಅಂತ ಕಿವಿಗೊಡಿ. "ಆ ಹಳದಿ ದಾರದ ಪುಸ್ತಕ ಇನ್ನೊಂದು ಬೇಕು" ಅಂತ ಮೆಸೇಜ್ ಬರುತ್ತದೆ. ಅಂಗಡಿಯ ಹೆಸರು ನೆನಪಿಲ್ಲ, ದಾರ ನೆನಪಿದೆ. ಆ ಮಾತನ್ನು ಹಾಗೇ ತೆಗೆದುಕೊಂಡು ನನ್ನ ಪುಟದ ವಿವರಣೆಯಲ್ಲಿ ಸೇರಿಸಿದ್ದೇನೆ, ಯಾಕಂದರೆ ಹುಡುಕುವವರು ಅದೇ ಮಾತಿನಲ್ಲಿ ಹುಡುಕುತ್ತಾರೆ. ನಿಮ್ಮ ಗ್ರಾಹಕರ ಹಳೆಯ ಮೆಸೇಜ್‌ಗಳನ್ನು ಒಮ್ಮೆ ತೆರೆದು ಓದಿ. ನಿಮ್ಮ ವಸ್ತುವಿಗೆ ಅವರು ಈಗಾಗಲೇ ಒಂದು ಅಡ್ಡಹೆಸರು ಇಟ್ಟಿರಬಹುದು.